ಅಕ್ಷರದ ಬಾಲ ಎಳೆದ ಲೇಖನಿಗೆ

ಶ್ವೇತಭವನದ ಮೇಜಿನಿಂದ ನನ್ನ ಕಚೇರಿಯ ಗಾಜಿನ ಚೌಕಟ್ಟಿಗೆ ದಯಮಾಡಿಸಿರುವ ಸಹಿ ಲೇಖನಿಯವರ ಸನ್ನಿಧಾನಕ್ಕೆ, ಅಯೋವಾದ ಕೆಲ್ಸೊ ಬೆಂಡ್ ಕಡೆಯ ಸಂಸದ ವಿಲ್ಬರ್ ಟ್ಯಾಗರ್ಟ್ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ಸಣ್ಣ ಊರಿನ ಆಸ್ಪತ್ರೆಗಳ ಅನುದಾನ ಕಡಿಯುವ ಮಸೂದೆಗೆ ಸತ್ತರೂ ಮತ ಹಾಕುವುದಿಲ್ಲ ಎಂದು ನಮ್ಮೂರ ಚರ್ಚಿನ ನೆಲಮಾಳಿಗೆಯಲ್ಲಿ, ಊರವರು ಮಾಡಿ ತಂದ ಸೇಬಿನ ಸಿಹಿ ಪೈ ತಿನ್ನುತ್ತಲೇ, ನಾನು ಆಣೆಯಿಟ್ಟಿದ್ದೆ. ಮರುವಾರ ಅಧ್ಯಕ್ಷರೇ ಫೋನ್ ಮಾಡಿದರು. ನಾನು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಆಮೇಲೆ ಎತ್ತಿದೆ. ಅವರು ಬೆದರಿಸಲಿಲ್ಲ, ಮಸೂದೆಯ ಸುದ್ದಿಯನ್ನೂ ಎತ್ತಲಿಲ್ಲ, ನನ್ನ ಮಂಡಿನೋವು ವಿಚಾರಿಸಿ, "ನಿಮ್ಮ ಕಡೆ ಜನ ನನ್ನ ಬಗ್ಗೆ ಏನಂತಾರೆ, ವಿಲ್ಬರ್?" ಎಂದರು, ಅಷ್ಟೇ. ಆಗ ನಮ್ಮೂರಲ್ಲಿ ಅವರ ಹೆಸರು ಹೇಳಿದರೆ ಚಪ್ಪಾಳೆ ಬೀಳುತ್ತಿತ್ತು, ನನ್ನ ಹೆಸರು ಹೇಳಿದರೆ "ಯಾರು, ಆ ಟ್ರ್ಯಾಕ್ಟರ್ ಮಾರ್ತಿದ್ನಲ್ಲ, ಅವನಾ?" ಎನ್ನುತ್ತಿದ್ದರು. ಅವರು ಮತ ಕೇಳುವ ಮೊದಲೇ ನಾನು ಒಪ್ಪಿಬಿಟ್ಟೆ.

ಮಸೂದೆ ಗೆದ್ದು ಸಹಿಯಾದ ದಿನ ಅಧ್ಯಕ್ಷರು ವಾಡಿಕೆಯಂತೆ ಸಹಿಯ ತುಣುಕಿಗೊಂದು ಲೇಖನಿ ಹಿಡಿದು, ಬರೆದ ಲೇಖನಿಗಳನ್ನೆಲ್ಲ ಹಿಂದೆ ನಿಂತು ಹಲ್ಲುಕಿರಿಯುತ್ತಿದ್ದ ನಮಗೆ ಹಂಚಿದರು. ಇಡೀ ಅಕ್ಷರ ಬರೆದವು ಹಿರಿಯರ ಪಾಲಾದವು. ಕೊನೆಯ ಅಕ್ಷರದ ಬಾಲವನ್ನಷ್ಟೇ ಎಳೆದ ತಾವು ನನ್ನ ಪಾಲಿಗೆ ಬಂದಿರಿ. ಆ ಬಾಲ ಹಿಡಿದುಕೊಂಡು ನಾನು ಊರೆಲ್ಲ ಮೆರೆದೆ.

ಈಗ ಗಾಳಿ ತಿರುಗಿದೆ. ಆಸ್ಪತ್ರೆಗೆ ಬೀಗ ಬಿದ್ದಿದೆ, ಅಧ್ಯಕ್ಷರ ಹೆಸರೆತ್ತಿದರೆ ಜನ ಮುಖ ತಿರುಗಿಸುತ್ತಾರೆ, ಮೂತ್ರಪಿಂಡ ಕೆಟ್ಟ ನನ್ನ ಅಕ್ಕ ಅರ್ಡಿತ್ ಡಯಾಲಿಸಿಸ್‌ಗೆಂದು ಚಳಿಯಲ್ಲಿ ಪಕ್ಕದ ಜಿಲ್ಲೆಗೆ ಅಲೆಯುತ್ತಾಳೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ. ಆಸ್ಪತ್ರೆ ತೆರೆಯಲು ಹೊಸ ಮಸೂದೆ ಬಂದಿದೆ, ಅಧ್ಯಕ್ಷರಿಗೆ ಅದು ಬೇಡ. ಜನರೇ ಕೈಬಿಟ್ಟ ಅಧ್ಯಕ್ಷರ ಮಾತು ಇನ್ನು ಯಾರು ಕೇಳುತ್ತಾರೆಂದು ಸಂಸತ್ತಿನಲ್ಲಿ ಎಲ್ಲರೂ ಧೈರ್ಯವಾಗಿ ಆಡಿಕೊಳ್ಳುತ್ತಿದ್ದಾರೆ. ನಾನೂ ಆಡಿಕೊಂಡೆ, ಬಾಗಿಲು ಹಾಕಿಕೊಂಡು. ಆ ಹುರುಪಿನಲ್ಲೇ, ಮಸೂದೆಯನ್ನು ಬೆಂಬಲಿಸಿ ಸಹಿ ಹಾಕಲು ಕಚೇರಿಗೆ ಬಂದಿದ್ದ ಅಕ್ಕನ ಎದುರಿಗೇ ತಮ್ಮನ್ನು ಗೋಡೆಯಿಂದ ಇಳಿಸಿದರೆ, ತಾವು ಒಂದು ಗೆರೆ ಎಳೆದು ಒಣಗಿಹೋದಿರಿ. ನಾನು ತಮ್ಮನ್ನು ಬೈದದ್ದು ನಿಜ. ಅಕ್ಕ ತಡೆದಳು: "ಪೆನ್ನನ್ನ ಯಾಕೋ ಬೈತೀಯ? ಅದೂ ನಿನ್ ಥರಾನೇ, ದೊಡ್ಡೋರ ಕೈಲಿದ್ರೆ ಮಾತ್ರ ಬರಿಯುತ್ತೆ."

ಆದಕಾರಣ ತಾವು ಕೂಡಲೇ ಶ್ವೇತಭವನಕ್ಕೆ ಮರಳಿ, ತಾವೆಳೆದ ಬಾಲವನ್ನು ಹಿಂದಕ್ಕೆ ನುಂಗಿ, ಆ ಸಹಿಯೇ ಅಪೂರ್ಣವೆಂದು ಸಾರಿ, ಬರುವಾಗ ಅಲ್ಲೆಲ್ಲಾದರೂ ನನ್ನ ಆಣೆ ಬಿದ್ದಿದ್ದರೆ ಹೆಕ್ಕಿ ತರಬೇಕಾಗಿ ಪ್ರಾರ್ಥನೆ.

ತಮ್ಮಷ್ಟೇ ಒಣಗಿದ,
ತಮ್ಮ ವಿಶ್ವಾಸಿ,
ವಿಲ್ಬರ್ ಟ್ಯಾಗರ್ಟ್

ಮರೆತ ಮಾತು: ನಾಳೆ ಹೊಸ ಮಸೂದೆಯ ಮೇಲೆ ಮತದಾನ. ಈ ಸಲ ಜಗ್ಗುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಇದೀಗ ಶ್ವೇತಭವನದಿಂದ ಫೋನ್ ಬಡಿದುಕೊಳ್ಳುತ್ತಿದೆ. ನಾನಂತೂ ಎತ್ತಿಲ್ಲ. ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೇನೆ, ಅಷ್ಟೇ.