ತೊಟ್ಟಿಲಿಗೊಂದು ಮೋಟಾರು

ಬೇಸಿಗೆ ರಜೆ ಎಂದರೆ ಮೇಷ್ಟ್ರುಗಳಿಗೆ ರಜೆ ಎಂದು ಲೋಕವೆಲ್ಲ ನಂಬಿದೆ. ಬೀಜಾಡಿಯಲ್ಲಿರುವ ಪ್ರೇಮಾನಂದನ ಅತ್ತೆಮನೆಯಲ್ಲಿ ಮಾತ್ರ ಆ ನಂಬಿಕೆಗೆ ಜಾಗವಿರಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಅವನು 2004ರ ಆ ರಜೆಯಲ್ಲಿ, ಬಾಣಂತನಕ್ಕೆ ಬಂದಿದ್ದ ಹೆಂಡತಿಯನ್ನೂ ಮಗಳನ್ನೂ ನೋಡಲು ಅಲ್ಲಿಗೆ ಹೋದ. ಬ್ಯಾಗು ಕೆಳಗಿಡುವುದರೊಳಗೆ ತೊಟ್ಟಿಲ ಹಗ್ಗ ಕೈಗೆ ಬಂತು.

"ಒಂಚೂರ್ ತೂಗಿ. ನಾ ಒಂದ್ ಗಳಿಗಿ ಕಣ್ ಮುಚ್ತೆ," ಎಂದಳು ಹೆಂಡತಿ ಶ್ರೀಲತಾ.

ಆ ಒಂದು ಗಳಿಗೆ ಸಂಜೆಯ ಚಾ ಹೊತ್ತಿನವರೆಗೂ ಬೆಳೆಯಿತು. ಮರುದಿನವೂ ಬೆಳೆಯಿತು. ಬೆಳಗಿನ ಜಾವವೇ ಎದ್ದು ಮೀನು ಮಾರಿ ಬಂದ ಅತ್ತೆ ಮುತ್ತಕ್ಕ ಊಟ ಮುಗಿಸಿ ಚಾಪೆ ಹಾಸಿದರೆ ಮುಗಿಯಿತು, ಮಧ್ಯಾಹ್ನದ ಸಕಲ ಸಾಮ್ರಾಜ್ಯಭಾರ ಅಳಿಯನದು. ಹಗ್ಗ ಒಂದು ಕ್ಷಣ ನಿಂತರೆ ಚಂದನಾ ಅಳುತ್ತಿದ್ದಳು. ಮೂರು ತಿಂಗಳ ಆ ಕೂಸಿನ ಗಂಟಲಲ್ಲಿ ಬಂದರಿನ ಮೀನು ಹರಾಜಿನ ಕಸುವಿತ್ತು. (ಅದು ತಾಯಿಯ ಕಡೆಯಿಂದ ಬಂದದ್ದೆಂದು ಪ್ರೇಮಾನಂದನ ಅಭಿಪ್ರಾಯ. ಬಾಯಿಬಿಟ್ಟು ಹೇಳುವಷ್ಟು ದಡ್ಡ ಅವನಲ್ಲ.)

ಅವನಿಗೆ ಇನ್ನೊಂದು ಸಂಕಟವೂ ಇತ್ತು. ಎಂ.ಟೆಕ್‌ಗಾಗಿ ಅವನು ಮಾಡುತ್ತಿದ್ದ ಪ್ರಾಜೆಕ್ಟು, ಫಜ್ಜಿ ಲಾಜಿಕ್‌ನಿಂದ ವಿದ್ಯುತ್ ಮೋಟಾರಿನ ವೇಗ ನಿಯಂತ್ರಣ. ಕಂಪ್ಯೂಟರಿನ ಪರದೆಯ ಮೇಲೆ ಅದು ಚಂದವಾಗಿಯೇ ತಿರುಗುತ್ತಿತ್ತು. ಆದರೆ ಗೈಡ್ ರತ್ನಾಕರ ಸರ್, "ಪರದೆ ಮೇಲೆ ತಿರುಗಿಸಿದ್ರೆ ಆಗ್ಲಿಲ್ಲ ಮಾರಾಯ್ರೆ. ಮೋಟಾರು ಎಳೆಯುವುದಕ್ಕೆ ನಿಜವಾದ ಲೋಡು, ಭಾರ, ಎಲ್ಲಿ? ಅದಿಲ್ದೆ ನಾನು ಸಹಿ ಹಾಕುವುದಿಲ್ಲ," ಎಂದುಬಿಟ್ಟಿದ್ದರು.

ಮೂರನೆಯ ಮಧ್ಯಾಹ್ನ ಹಗ್ಗ ಎಳೆಯುತ್ತಿದ್ದವನ ತಲೆಯೊಳಗೆ ಬಲ್ಬು ಹತ್ತಿತು.

"ಸಿಕ್ತ್! ಲೋಡ್ ಸಿಕ್ತ್!" ಎಂದು ಕೂಗಿದ.

ಶ್ರೀಲತಾ ಗಡಬಡಿಸಿ ಎದ್ದಳು. ವಿಷಯ ತಿಳಿದ ಮೇಲೆ ಸೊಂಟಕ್ಕೆ ಕೈಯಿಟ್ಟಳು. "ಎಂತ? ನನ್ ಮಗು ನಿಮ್ಗೆ ಲೋಡಾ?"

"ಹಾಂಗಲ್ಲ ಲತಾ. ತೊಟ್ಲಿಗೆ ಮೋಟಾರ್ ಕೂರ್ಸ್ತೆ. ಮಗು ಮರ್ಕಿರೆ ಅದೇ ತೂಗತ್ತ್."

ಮಗು ಮರ್ಕುವುದನ್ನು, ಅಂದರೆ ಅಳುವುದನ್ನು, ನಿಲ್ಲಿಸುವುದು ಮುತ್ತಕ್ಕನ ಪ್ರಕಾರ ಹೆಂಗಸರ ಇಲಾಖೆ. ಅವಳು ಚಾಪೆಯ ಮೇಲಿಂದಲೇ ತಲೆಯೆತ್ತಿದಳು. ಪ್ರೇಮಾನಂದ ಅಲ್ಲಿಯೇ ಕುಳಿತು ಉಪನ್ಯಾಸ ಶುರುಮಾಡಿದ.

"ಅತ್ತೆ, ಬೇರೆ ಮಿಷಿನಿಗೆ ಎರಡೇ ಗೊತ್ತ್. ಮರ್ಕು ಇತ್ತ್, ಮರ್ಕು ಇಲ್ಲ. ಫಜ್ಜಿಗೆ ಹಾಂಗಲ್ಲ. ಚೂರ್ ಮರ್ಕಿರೆ ಚೂರ್ ತೂಗತ್ತ್, ಜೋರ್ ಮರ್ಕಿರೆ ಜೋರ್ ತೂಗತ್ತ್. ಕಮ್ಮಿ ಆಯ್ತಾ ಬಂದ್ರೆ ತಾನೂ ಕಮ್ಮಿ ಮಾಡತ್ತ್."

"ಅಷ್ಟ್ ನಂಗೂ ಗೊತ್ತಿತ್ತಲೆ. ಅಜ್ಜಿ ಇದ್ದಾಗ ಫಜ್ಜಿ ಎಂತಕ್ಕೆ?"

ಪ್ರೇಮಾನಂದ ಬಿಡಲಿಲ್ಲ. ಮೋಟಾರಿಗೆ ನಿಯಮ ಬೇಕು, ನಿಯಮ ಅನುಭವಸ್ಥರಿಂದಲೇ ಬರಬೇಕು. "ಚೂರ್ ಮರ್ಕಿರೆ ನೀವ್ ಹ್ಯಾಂಗ್ ತೂಗ್ತ್ರಿ ಅತ್ತೆ?"

"ನಿಧಾನ."

"ನಿಧಾನ ಅಂದ್ರೆ ಎಷ್ಟ್?"

"ನಿಧಾನ ಅಂದ್ರೆ ನಿಧಾನ. ಅದ್ರಗೆ ಎಷ್ಟ್ ಅಂತ ಎಂತ ಇತ್ತ್?"

ಪ್ರೇಮಾನಂದನಿಗೆ ರೋಮಾಂಚನವಾಯಿತು. ಫಜ್ಜಿ ಲಾಜಿಕ್‌ನ ದಪ್ಪ ಪುಸ್ತಕ ಹೇಳುವುದೂ ಇದನ್ನೇ!

ಶ್ರೀಲತಾ ಎರಡು ಷರತ್ತು ಹಾಕಿದಳು. ಮೋಟಾರು ಎಷ್ಟೇ ಹಾರಾಡಿದರೂ ತನ್ನ ಕೈಗಿಂತ ಜೋರಾಗಿ ತೂಗಬಾರದು. ಪರೀಕ್ಷೆ ಮುಗಿಯುವವರೆಗೆ ಮಗುವನ್ನು ಅದರಲ್ಲಿ ಮಲಗಿಸಬಾರದು. ಪ್ರೇಮಾನಂದ ಎರಡಕ್ಕೂ ಒಪ್ಪಿ, ಕೋಟೇಶ್ವರದ ಗ್ಯಾರೇಜಿನಿಂದ ಹಳೇ ಕಾರಿನ ವೈಪರ್ ಮೋಟಾರು ತಂದ. ಅಳು ಕೇಳಿಸಿಕೊಳ್ಳಲು ಪುಟ್ಟ ಮೈಕು, ಯೋಚನೆ ಮಾಡಲು ಟಿಫಿನ್ ಡಬ್ಬಿಯೊಳಗೊಂದು ಸರ್ಕ್ಯೂಟು. ಮಗುವಿನ ಬದಲಿಗೆ ಚಂದನಾಳಷ್ಟೇ ತೂಗುವ ಹಾಗೆ ಕರಾವಳಿಯ ಎರಡು ಭಾರೀ ಸಾಂಬಾರು ಸೌತೆಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ, ಒಂದಕ್ಕೆ ಕುಲಾವಿ ಕಟ್ಟಿ ಮಲಗಿಸಿದ.

ಸೌತೆಕಾಯಿ ಅಳುವುದಿಲ್ಲವಲ್ಲ. ಆದ್ದರಿಂದ ಅವನೇ ಅತ್ತ.

ಮೊದಲು ಕುಂಯ್ ಕುಂಯ್ ಎಂದ. ತೊಟ್ಟಿಲು ಮೆಲ್ಲಗೆ ಅಲುಗಿತು. ಧ್ವನಿ ಏರಿಸಿದ. ತೊಟ್ಟಿಲು ವೇಗ ಏರಿಸಿತು. ವಿಜಯೋತ್ಸಾಹದಲ್ಲಿ ಅವನು "ಅಯ್ಯಯ್ಯೋ!" ಎಂದು ಎದೆಯೊಡೆದು ರೋದಿಸುತ್ತಿದ್ದಾಗ ಪಕ್ಕದ ಮನೆಯ ಬಚ್ಚಣ್ಣ, ಹೆಣೆಯುತ್ತಿದ್ದ ಬಲೆಯನ್ನು ಅಲ್ಲೇ ಬಿಟ್ಟು ಓಡಿಬಂದ.

"ಹ್ವಾಯ್! ಎಂತಾಯ್ತ್ ಮಾರಾಯ್ರೆ? ಗಂಡಸ್ರ್ ಹೀಂಗ್ ಮರ್ಕುದಾ? ಧೈರ್ಯ ತಕಣಿ!" ಎಂದು ಭುಜ ಹಿಡಿದು, ಹೆದರುತ್ತ ಹೆದರುತ್ತ ತೊಟ್ಟಿಲೊಳಗೆ ಇಣುಕಿದ. ಕುಲಾವಿ ತೊಟ್ಟ ಸೌತೆಕಾಯಿ ಕಂಡಿತು. ಒಮ್ಮೆ ಪ್ರೇಮಾನಂದನ ಮುಖ ನೋಡಿದ. ಹಿಡಿದಿದ್ದ ಭುಜ ಬಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಸಂಜೆಯೊಳಗೆ ಮೂರು ಮನೆಯ ಹೆಂಗಸರು ಮುತ್ತಕ್ಕನನ್ನು ಕರೆದು, ಅಳಿಯನಿಗೆ ದೃಷ್ಟಿ ತೆಗೆಸಲು ಹೇಳಿದರು.

ಪ್ರಾಜೆಕ್ಟು ನೋಡಲು ರತ್ನಾಕರ ಸರ್ ಬರುವ ದಿನ ಪ್ರೇಮಾನಂದ ಇಸ್ತ್ರಿಯ ಶರಟು ಹಾಕಿ ನಿಂತಿದ್ದ. ಅಲ್ಲಿ ಇಲ್ಲಿ ಜೋತಾಡುತ್ತಿದ್ದ ವೈರುಗಳು ಸರ್‌ಗೆ ಅಂದವಾಗಿ ಕಾಣಲೆಂದು, ಮೈಕನ್ನು ಮೋಟಾರಿನ ಪಕ್ಕಕ್ಕೇ ತಂದು ಕಟ್ಟಿದ್ದ. ಸೌತೆಕಾಯಿಯ ಪರೀಕ್ಷೆಯೆಲ್ಲ ಮುಗಿದಿದ್ದರಿಂದ ಶ್ರೀಲತಾ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು.

ಚಂದನಾ ನಕ್ಕಳು. ಸರ್ ಚಾ ಕುಡಿದರು, ಚಕ್ಕುಲಿ ತಿಂದರು. ಚಂದನಾ ಕಾಲು ಬಡಿದು ಇನ್ನೂ ನಕ್ಕಳು.

"ಇವತ್ತೆಂತ ಇದ್ಕೆ? ಚೂರ್ ಮರ್ಕ್ ಮಗಾ," ಎಂದು ಪ್ರೇಮಾನಂದ ಬಗ್ಗಿ ಬೇಡಿಕೊಂಡ.

"ಮಗು ನಗಾಡ್ರೆ ನಿಮ್ಗೆ ಎಂತ ಕಷ್ಟ?" ಎಂದು ಅತ್ತೆ ಗದರಿದಳು.

ಕೊನೆಗೆ ಅಪ್ಪನ ಮುಖ ಅಷ್ಟು ಹತ್ತಿರದಿಂದ ಕಂಡಿದ್ದಕ್ಕೋ ಏನೋ, ಕೂಸು ಸಣ್ಣಗೆ ಕುಂಯ್ ಎಂದಿತು. ತೊಟ್ಟಿಲು ಅಲುಗಿತು. ಮೋಟಾರು ಗುಂಯ್ ಎಂದಿತು. ಪಕ್ಕದಲ್ಲೇ ಇದ್ದ ಮೈಕು ಆ ಗುಂಯ್‌ಕಾರವನ್ನೂ ಮಗುವಿನ ಅಳುವೆಂದೇ ತಿಳಿದು ವೇಗ ಏರಿಸಿತು. ವೇಗ ಏರಿದ್ದಕ್ಕೆ ಮೋಟಾರು ಇನ್ನೂ ಜೋರಾಗಿ ಗುಂಯ್‌ಗುಟ್ಟಿತು. ಆ ಸದ್ದಿಗೆ ಬೆದರಿ ಮಗು ನಿಜವಾಗಿಯೇ ಅತ್ತಿತು. ಶ್ರೀಲತಾಳ ಷರತ್ತಿನ ದೆಸೆಯಿಂದ ತೊಟ್ಟಿಲು ಮಿತಿ ಮೀರಲಿಲ್ಲ, ಆದರೆ ನಿಲ್ಲಲೂ ಇಲ್ಲ. ಮುತ್ತಕ್ಕ ಎದ್ದುಹೋಗಿ ಸ್ವಿಚ್ಚು ಆರಿಸಿದಳು.

ಅಲ್ಲಿಗೆ ಮೋಟಾರು ನಿಂತಿತು, ಮಗಳು ನಿಲ್ಲಲಿಲ್ಲ. ಶ್ರೀಲತಾ ಎತ್ತಿಕೊಂಡಳು, ಅಜ್ಜಿ ಗಿಲಕಿ ಆಡಿಸಿದಳು, ಏನೂ ನಡೆಯಲಿಲ್ಲ.

"ಪ್ರೇಮಾನಂದ," ಎಂದರು ಸರ್, ಗಲಾಟೆಯ ನಡುವೆ ಗಂಭೀರವಾಗಿ, "ಎಲ್ಲಿ ತಪ್ಪಿತು ಹೇಳಿ ನೋಡುವಾ."

ಪ್ರೇಮಾನಂದನ ಎಂ.ಟೆಕ್ ಕಣ್ಣೆದುರಿಗೇ ಮುಳುಗುತ್ತಿತ್ತು. ಹಣೆಯ ಬೆವರು ಒರೆಸಿಕೊಂಡು, ತನ್ನ ಕ್ಲಾಸಿನ ಧ್ವನಿ ತೆಗೆದ. ಮೈಕಿನ ಜಾಗ ತಪ್ಪಿದ್ದರಿಂದ ಹಿಡಿದು, ವೇಗದ ವ್ಯತ್ಯಾಸ, ಆ ವ್ಯತ್ಯಾಸದ ವ್ಯತ್ಯಾಸ, "ಕಡಿಮೆ" ಎಂಬುದು ಎಲ್ಲಿ ಮುಗಿದು "ಮಧ್ಯಮ" ಎಂಬುದು ಎಲ್ಲಿ ಶುರುವಾಗುತ್ತದೆ ಎಂಬುದನ್ನೆಲ್ಲ ಒಂದೇ ಏರಿಳಿತವಿಲ್ಲದ ರಾಗದಲ್ಲಿ ಹೇಳುತ್ತ ಹೋದ. ಸ್ವಲ್ಪ ಹೊತ್ತಿನಲ್ಲಿ ಮನೆ ನಿಶ್ಶಬ್ದವಾಗಿರುವುದು ಅವನ ಗಮನಕ್ಕೆ ಬಂತು.

ಚಂದನಾ ಅಮ್ಮನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವನು ಮಾತು ನಿಲ್ಲಿಸಿದ. ಮಗುವಿನ ತುಟಿ ನಡುಗಿತು.

"ನಿಲ್ಸ್‌ಬೇಡಿ! ಹೇಳಿ, ಹೇಳಿ!" ಎಂದು ಶ್ರೀಲತಾ ಪಿಸುಗುಟ್ಟಿದಳು.

ಅವನು ಮುಂದುವರಿಸಿದ. ಸರ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಆಳವಾಗಿ ಚಿಂತಿಸುತ್ತಿದ್ದರು. ಸಣ್ಣಗೆ ಗೊರಕೆಯೂ ಕೇಳುತ್ತಿತ್ತು. ಅರ್ಧ ಗಂಟೆಯ ಮೇಲೆ ಎಚ್ಚೆತ್ತು, "ವಿವರಣೆ ಸಮಾ ಇತ್ತು. ಮೈಕು ದೂರ ಇಡಿ, ಲೋಡು ಬದಲಾಯಿಸಿ, ಸಹಿ ಹಾಕುವಾ," ಎಂದು ಹೊಸ ಹುರುಪಿನಿಂದ ಸ್ಕೂಟರ್ ಹತ್ತಿದರು.

ಮೋಟಾರು ಮುಂದೆ ಕಾಲೇಜಿನ ಲ್ಯಾಬಿಗೆ ಹೋಗಿ, ಅಲ್ಲೊಂದು ಪಂಪು ತಿರುಗಿಸಿ, ಅವನಿಗೆ ಎಂ.ಟೆಕ್ ಕೊಡಿಸಿತು. ಪ್ರೇಮಾನಂದ ಮಾತ್ರ ರಜೆ ಮುಗಿಯುವವರೆಗೆ ಬೀಜಾಡಿಯಲ್ಲೇ ಉಳಿದ. ಹಗ್ಗದ ಕೆಲಸ ತಪ್ಪಲಿಲ್ಲ, ಅದರ ಜೊತೆಗೆ ಬಾಯಿಯ ಕೆಲಸವೂ ಸೇರಿತು. ಊಟವಾದ ಕೂಡಲೇ ಅತ್ತೆಯ ಕರೆ ಬರುತ್ತಿತ್ತು: "ಹ್ವಾಯ್, ಬನ್ನಿ. ಮಗಿಗೆ ಫಜ್ಜಿ ಹೇಳಿ."

ಒಂದು ಮಧ್ಯಾಹ್ನ ಅವನಿಗೆ ಬಹಳ ಹುಮ್ಮಸ್ಸು ಬಂತು. ಬೇರೆಲ್ಲೂ ಹೇಳಿರದ ಒಂದು ಹೊಸ ಯೋಚನೆಯನ್ನು ಕೈಬೀಸಿ ವಿವರಿಸುತ್ತ, ಅದರ ಅತ್ಯಂತ ಸೊಗಸಾದ ಜಾಗಕ್ಕೆ ಬಂದು ಸುತ್ತ ನೋಡಿದ. ಮಗಳು ಮಲಗಿದ್ದಳು. ಹೆಂಡತಿ ಮಲಗಿದ್ದಳು. ಅತ್ತೆ ಮಲಗಿದ್ದಳು. ಬೇಲಿಯಾಚೆ ಬಚ್ಚಣ್ಣನೂ ಬಲೆಯ ಮೇಲೆ ತಲೆಯಿಟ್ಟು ಮಲಗಿದ್ದ. ಪ್ರೇಮಾನಂದ ಹಗ್ಗವನ್ನು ಮೆಲ್ಲಗೆ ಎಳೆದು, ದನಿ ತಗ್ಗಿಸಿ, ಉಳಿದದ್ದನ್ನೂ ಹೇಳಿ ಮುಗಿಸಿದ.