ಮೋತಿ ಬೇಲಿ ಹಾರಿದ ದಿನ

ಕುದುರೆ ಸವಾರಿ ಕಲಿಸುವವನು ನಗಲು ಬೇರೆ ಜಾಗ ಹುಡುಕಬೇಕಾಗಿಲ್ಲ. ದಿನ ಬೆಳಗಾದರೆ ಯಾರಾದರೊಬ್ಬರು ತಾವಾಗಿಯೇ ಬಂದು ಬೀಳುತ್ತಾರೆ. ನಾನು ಗದ್ವಾಲದ ಕೋಟೆ ಲಾಯದಲ್ಲಿ ಚಾಬೂಕ್ ಸವಾರ್ ಆಗಿದ್ದೆ. ಕುದುರೆಯನ್ನು ಪಳಗಿಸುವುದು, ಮನುಷ್ಯರಿಗೆ ಸವಾರಿ ಕಲಿಸುವುದು, ಎರಡೂ ನನ್ನ ಕೆಲಸ. ಮೊದಲನೆಯದು ಸುಲಭ.

ಮೋತಿ ಎಂಬ ಬಿಳಿ ಹೆಣ್ಣುಗುದುರೆಯನ್ನು ಮರಿಯಿದ್ದಾಗಿನಿಂದ ಬೆಳೆಸಿದವನು ನಾನು. ಸಂಸ್ಥಾನದ ಮೆರವಣಿಗೆಯಲ್ಲಿ ಜನ ಸಲಾಂ ಮಾಡಲು ಹಣೆಗೆ ಕೈ ಎತ್ತಿದರೆ ಸಾಕು, ಅವಳು ಗಕ್ಕನೆ ನಿಂತು ತಲೆ ತಗ್ಗಿಸುತ್ತಿದ್ದಳು. ಲಾಯದ ಬೇರೆ ಯಾವ ಕುದುರೆಗೂ ಅದು ಬರುತ್ತಿರಲಿಲ್ಲ. ಕಲಿಸಿದವನು ನಾನೇ, ಹೇಳಿಕೊಳ್ಳಲು ಇವತ್ತಿಗೂ ಸಂಕೋಚವಿಲ್ಲ.

ಪೊಲೀಸ್ ಆಕ್ಷನ್ ಆಗಿ ಸಂಸ್ಥಾನ ಹೋದ ಮೇಲೆ ಲಾಯ ಖಾಲಿಯಾಯಿತು. ನಾನೂ ಮೋತಿಯೂ ಮಕ್ತಲ್ ಕಡೆಯ ಒಂದು ಸರ್ಕಾರಿ ಕಚೇರಿಗೆ ಬಂದೆವು. ಹಳ್ಳಿ ಸುತ್ತುವ ನೌಕರರಿಗೆ ಸವಾರಿ ಕಲಿಸುವುದು ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಧಾರವಾಡದ ಕಡೆಯಿಂದ ಹೊಸ ಸಾಹೇಬರು ಬಂದರು.

"ಬೇಲಿ, ಹಳ್ಳ ಹಾರದ ಕುದುರಿ ನಮಗ ಬ್ಯಾಡ. ಸುಗ್ಗಿ ಆದಮ್ಯಾಲೆ ನಾನೇ ಹತ್ತಿ ನೋಡತೀನಿ. ಹಾರಲಿಲ್ಲಂದ್ರ ಟಾಂಗಾದವರಿಗೆ ಕೊಟ್ಟುಬಿಡೋಣು," ಎಂದರು.

ಮೋತಿ ಟಾಂಗಾ ಎಳೆಯುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಅಂದಿನಿಂದ ದಿನದ ಪಾಠ ಮುಗಿದ ಮೇಲೆ ಅವಳಿಗೆ ಬೇಲಿ ಹಾರುವ ಅಭ್ಯಾಸ ಮಾಡಿಸತೊಡಗಿದೆ.

ಮಗ್ಗದ ಕಾಲು

ಮೊದಲ ಶಿಷ್ಯರು ನಾರಾಯಣಪೇಟೆಯ ನೇಕಾರರ ಮನೆಯಿಂದ ಬಂದ, ಕಂದಾಯದ ಲೆಕ್ಕ ನೋಡುವ ಗಿರ್ದಾವರರು. ಮಗ್ಗದ ಮುಂದೆಯೇ ಬೆಳೆದವರು. ರಿಕಾಬಿನಲ್ಲಿ ಪಾದ ಇಟ್ಟದ್ದೇ ತಡ, ಎಡಗಾಲು ಒಮ್ಮೆ, ಬಲಗಾಲು ಒಮ್ಮೆ ಒತ್ತತೊಡಗಿದರು. ಎಡಗಾಲು ಒತ್ತಿದರೆ ಬಲಕ್ಕೆ, ಬಲಗಾಲು ಒತ್ತಿದರೆ ಎಡಕ್ಕೆ ಸರಿಯಬೇಕೆಂದು ನಾನು ಮೋತಿಗೆ ಕಲಿಸಿದ್ದೆ. ಅವಳು ತಪ್ಪದೆ ಸರಿದಳು. ಇಬ್ಬರೂ ಬಯಲಿನ ತುಂಬ ಲಾಳಿಯಂತೆ ಆಡಿದರು.

"ಕಾಲು ಸುಮ್ಮನಿಡ್ರಿ," ಅಂದೆ.

"ಕಾಲು ನಿಂತ್ರ ಕೈ ಓಡಂಗಿಲ್ರಿ ಉಸ್ತಾದ್."

ಕೈ ಮಾತ್ರ ಅವರದು ಬಂಗಾರ. ನೂಲಿನ ಲಗಾಮನ್ನು ಹಾಸಿನ ಎಳೆಯ ಹಾಗೆ ಹಿಡಿಯುತ್ತಿದ್ದರು. ಜಗ್ಗುವುದೂ ಇಲ್ಲ, ಸಡಿಲ ಬಿಡುವುದೂ ಇಲ್ಲ. ಸಪಾಟು ನೆಲದ ಸವಾರಿಗೆ ಅಂಥ ಕೈ ಬೇಕು. ಕಾಲನ್ನು ಹದಕ್ಕೆ ತರುವುದರಲ್ಲಿ ನಾನು ಸೋತು ಸುಣ್ಣವಾದೆ. ಕೊನೆಗೊಂದು ದಿನ ನೇರವಾಗಿ ಹೋಗಿ ನೇರವಾಗಿ ಬಂದರು. ನನಗೆ ಎದೆ ಉಬ್ಬಿತು. ಅವರು ಇಳಿದು ಬೆವರು ಒರೆಸಿಕೊಂಡು ಕೇಳಿದರು, "ಎಷ್ಟು ಮೊಳ ನೇಯ್ದಂಗಾತ್ರಿ?"

ರೇಷ್ಮೆಯ ಆಸನ

ಎರಡನೆಯವರು ಅರ್ಚಕರ ಮನೆಯ ಗುಮಾಸ್ತರು. ಪೂಜೆ ಮುಗಿಸಿ ನೇರ ಬಯಲಿಗೆ ಬರುವವರು. ಕಬ್ಬಿಣದ ರಿಕಾಬಿಗೆ ಅವರ ತಕರಾರಿರಲಿಲ್ಲ. ಆದರೆ ಜೀನು ತೊಗಲಿನದು, ಕೂತರೆ ಮಡಿ ಕೆಡುತ್ತದೆ. ಅದಕ್ಕೆ ಗದ್ವಾಲದ ರೇಷ್ಮೆ ಪಂಚೆಯೊಂದನ್ನು ಮಡಚಿ ಜೀನಿನ ಮೇಲೆ ಹಾಸಿದರು.

"ರೇಷ್ಮಿ ಜಾರತೈತ್ರಿ ಆಚಾರ್ರೇ."

"ರೇಷ್ಮಿಗೆ ಮೈಲಿಗಿ ಇಲ್ಲಪಾ. ನೀ ನಡಸು."

ನಡಿಗೆಯಲ್ಲಿ ಚೆನ್ನಾಗಿಯೇ ಕೂತಿದ್ದರು. ಮೋತಿ ಮೈ ಕುಲುಕಿಸುವ ದುಲ್ಕಿ ಓಟಕ್ಕೆ ಇಳಿದಳು. ಪಂಚೆ ಒಂದು ಕಡೆ ಜಾರಿತು, ಪಂಚೆಯ ಮೇಲಿದ್ದವರೂ ಅದೇ ಕಡೆ ಜಾರಿದರು. ನಾನು ಹೇಳಿಕೊಟ್ಟಂತೆ ಭುಜ ಒಳಗೆ ಎಳೆದುಕೊಂಡು ಉಸುಕಿನ ಮೇಲೆ ಉರುಳಿದರು. ನನ್ನ ಶಿಷ್ಯರು ಬಿದ್ದರೂ ಅಚ್ಚುಕಟ್ಟಾಗಿ ಬೀಳುತ್ತಾರೆ.

ಎತ್ತಲು ಕೈ ಚಾಚಿದರೆ, ಪಂಚೆ ಸುತ್ತಿಕೊಂಡೇ ಹಿಂದೆ ಸರಿದರು. "ಮುಟ್ಟಬ್ಯಾಡ. ತೊಗಲು ತಾಗಿಲ್ಲ, ಇನ್ನೂ ಮಡಿಯೊಳಗ ಇದ್ದೀನಿ."

ಸಾಹೇಬರ ಪರೀಕ್ಷೆ

ಸುಗ್ಗಿ ಮುಗಿಯಿತು. ಪರೀಕ್ಷೆಯ ಸಂಜೆ ತೊಗರಿಕಡ್ಡಿಯ ಬೇಲಿ ಕಟ್ಟಿ, ಆಚೆಗೆ ಹೊಟ್ಟು ಸುರಿದಿದ್ದೆ.

"ಬೇಲಿ ನೋಡಬ್ಯಾಡ್ರಿ ಸಾಹೇಬ್ರ, ಅದರಾಚಿ ನೋಡ್ರಿ. ಲಗಾಮು ಜಗ್ಗಬ್ಯಾಡ್ರಿ. ಮೈ ಮುಂದಕ್ಕ ಬಾಗಸ್ರಿ, ಕೈ ಅಕಿ ಕುತ್ತಿಗಿ ಜೋಡಿ ಹೋಗಲಿ," ಅಂದೆ.

ಸಾಹೇಬರು ಹೇಳಿದಂತೆಯೇ ಮಾಡಿದರು. ಮೋತಿ ಚೆಂದದ ಓಟದಲ್ಲಿ ಬರುತ್ತಿದ್ದಳು. ಊರವರೂ ನಾನೂ ಬೇಲಿಯಾಚೆ ಅವಳಿಗೆ ಎದುರಾಗಿ ನಿಂತಿದ್ದೆವು. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಸರಿಯಾಗಿ ಕಾಣಲೆಂದು ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದರು. ನಾನೂ ಹಿಡಿದೆ.

ಮೋತಿ ಗಕ್ಕನೆ ನಿಂತು ತಲೆ ತಗ್ಗಿಸಿದಳು. ಸಾಹೇಬರು ಮುಂದಕ್ಕೆ ಬಾಗಿದ್ದರಲ್ಲ, ಹಾಗೆಯೇ ಮುಂದುವರಿದು ಬೇಲಿ ದಾಟಿ ಹೊಟ್ಟಿನೊಳಗೆ ಬಿದ್ದರು.

ಟಾಂಗಾ ನನ್ನ ಕಣ್ಣ ಮುಂದೆ ಬಂತು. ಜನ ನಗು ತಡೆಯಲು ಹಣೆಯ ಮೇಲಿನ ಕೈ ಇಳಿಸಿ ಬಾಯಿ ಮುಚ್ಚಿಕೊಂಡರು. ಸಲಾಂ ಮುಗಿಯಿತೆಂದು ಮೋತಿ ತಲೆ ಎತ್ತಿದಳು. ಅಭ್ಯಾಸದಂತೆ ಒಂದು ಸುತ್ತು ಹಾಕಿ ಬಂದು, ಒಂದು ಕಡ್ಡಿಯೂ ಅಲುಗದಂತೆ ಬೇಲಿ ಹಾರಿ, ಸಾಹೇಬರ ಪಕ್ಕದಲ್ಲಿ ನಿಂತಳು. ಅಷ್ಟು ಚೆಂದದ ನೆಗೆತವನ್ನು ನಾನು ಮತ್ತೆ ನೋಡಿಲ್ಲ.

ಸಾಹೇಬರು ಎದ್ದು, ಮೀಸೆಯ ಹೊಟ್ಟು ಕೊಡವಿ, ಗುಮಾಸ್ತರನ್ನು ಕರೆದರು.

"ಕುದುರಿ ಬೇಲಿ ಹಾರಿತು, ಇಲ್ಲೇ ಇರಲಿ ಅಂತ ಬರಕೋರಿ."

"ಆಗಲಿ ಸಾಹೇಬ್ರ."

"ಯಾರು ಮೊದಲು ಹಾರಿದರು ಅನ್ನೋದು ಬರೀಬ್ಯಾಡ್ರಿ."