ಉಪ್ಪುನೀರಿನ ಪರೀಕ್ಷೆ ಮತ್ತು ನನ್ನ ಹೆಬ್ಬೆರಳು

ಮಧ್ಯಾಹ್ನ ಉಂಡ ಮೇಲೆ ಎಲ್ಲರಿಗೂ ನಿದ್ದೆ ಬರುತ್ತದೆ; ನನಗೆ ಸಮುದ್ರ ಬರುತ್ತದೆ. ಹಾಸನದಲ್ಲಿ ಕೂತು ಹೀಗೆಂದರೆ ಜನ ನಗುತ್ತಾರೆ. ನಗಲಿ ಬಿಡಿ. ನಾನು ಹುಟ್ಟಿದ್ದು ಶಾಂತಿಗ್ರಾಮದಲ್ಲಿ, ರಸ್ತೆಗೆ ಅಂಟಿಕೊಂಡ ಮನೆಯಲ್ಲಿ. ಚಿಕ್ಕವನಿದ್ದಾಗ ಕಣ್ಣು ಮುಚ್ಚಿ ಮಲಗಿ, ದೂರದಿಂದ ಭರ್ರನೆ ಬಂದು ಹಾಗೇ ಕರಗಿಹೋಗುವ ಬಸ್ಸಿನ ಸದ್ದನ್ನು ಅಲೆಯ ಸದ್ದು ಅಂದುಕೊಳ್ಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ನಿಜವಾದ ಸಮುದ್ರ ನೋಡಿದಾಗ, ಛೆ, ಇದಕ್ಕೆ ಹಾರನ್ನೇ ಇಲ್ಲವಲ್ಲ ಅನ್ನಿಸಿತು. ಈಗ ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಾರವೆಲ್ಲ ಬಸ್ಸಿನ ಓಡಾಟ, ಮಕ್ಕಳ ಗಲಾಟೆ. ಸಮುದ್ರಕ್ಕೆ ನಾನು ಹೋಗುವುದು ಆಗದ ಮಾತು ಎಂದು ಹಾಸನದ ಮನೆಯ ಹಾಲಿನಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಬಿಟ್ಟು, ಅದನ್ನೇ ಮನೆಗೆ ಕರೆಸಿಕೊಂಡೆ.

ನನ್ನ ಹೆಂಡತಿ ರತ್ನ ಮೊದಮೊದಲು ಸಿಡಿಮಿಡಿಗೊಂಡಳು. "ಕುಡಿಯೋ ನೀರ್ಗೇ ಕಾಯ್ಕೊಂಡ್ ಕೂತಿರ್ತೀವಿ, ಇವ್ರು ನೋಡುದ್ರೆ ಇರೋ ನೀರ್ಗೆ ಉಪ್ಪು ಸುರೀತಾವ್ರೆ ಕಣವ್ವಾ" ಎಂದು ಅರಕಲಗೂಡಿನ ತಾಯಿಗೆ ಫೋನಿನಲ್ಲಿ ದೂರು ಹೇಳಿದಳು. ತಿಂಗಳು ಕಳೆಯುವಷ್ಟರಲ್ಲಿ ಆ ಮೀನುಗಳಿಗೆ ಪಟೇಲಪ್ಪ, ಪಟೇಲಮ್ಮ ಎಂದು ಅವಳೇ ಹೆಸರಿಟ್ಟಳು. ಅವರೆಕಾಯಿ ಬಿಡಿಸುವುದು ತೊಟ್ಟಿಯ ಪಕ್ಕದಲ್ಲೇ. ನನ್ನ ಮೇಲಿನ ದೂರುಗಳೆಲ್ಲ ಈಗ ಪಟೇಲಮ್ಮನ ಕಿವಿಗೆ. ನಾನು ದಿವಾನದ ಮೇಲೆ ಅಡ್ಡಾಗಿ, ಆ ನೀಲಿ ಬೆಳಕಿನಲ್ಲಿ ಅರೆಗಣ್ಣು ಮಾಡಿಕೊಂಡು ಕೇಳುತ್ತಿದ್ದೆ. ನೀರಿನ ಗುಳುಗುಳು, ಅವಳ ಗೊಣಗು ಎರಡೂ ಬೆರೆತು ನನ್ನನ್ನು ಎಲ್ಲಿಗೋ ತೇಲಿಸಿಕೊಂಡು ಹೋಗುತ್ತಿದ್ದವು. ಅಂಥ ಸುಖ ನನಗೆ ಮದುವೆಯಾದ ಹೊಸದರಲ್ಲೂ ಸಿಕ್ಕಿರಲಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದ್ದು ಪರೀಕ್ಷೆಯ ಕಿಟ್ಟು. ಮೀನಿನ ಗಲೀಜಿನಿಂದ ನೀರಿನಲ್ಲಿ ಅಮೋನಿಯಾ ಸೇರಿಕೊಂಡರೆ ಮೀನು ಉಳಿಯುವುದಿಲ್ಲ, ಆಗಾಗ ನೋಡುತ್ತಿರಬೇಕು. ನಾನು ತಂದಿದ್ದು ನೀರಿಗೆ ಅದ್ದಿ ತೆಗೆಯುವ ಕಾಗದದ ಪಟ್ಟಿ. ನಮ್ಮ ಮಂಜಣ್ಣ ಅದನ್ನು ನೋಡಿ ಮುಖ ಕಿವುಚಿದ. ಮಂಜಣ್ಣನದು ಚನ್ನರಾಯಪಟ್ಟಣದಲ್ಲಿ ಪೇಂಟಿನ ಅಂಗಡಿ. ಅವನ ಮನೆಯಲ್ಲೂ ಇಂಥದೇ ತೊಟ್ಟಿಯಿದೆ. "ಪಟ್ಟೀನೆಲ್ಲಾ ನಂಬ್ಬ್ಯಾಡಿ ಸಾ. ಹನಿ ಹಾಕೋ ಕಿಟ್ ತಗಳಿ, ಬಣ್ಣ ಕರೆಕ್ಟಾಗ್ ಬತ್ತದೆ" ಎಂದ. ತರಿಸಿದೆ. ಕೊಳವೆಗೆ ತೊಟ್ಟಿಯ ನೀರು ತುಂಬಿ, ಸೀಸೆಯಿಂದ ಹನಿ ಹಾಕಿ, ಕುಲುಕಿ, ಬಂದ ಬಣ್ಣವನ್ನು ಕಾರ್ಡಿಗೆ ಹೋಲಿಸಬೇಕು. ಹಳದಿಯಾದರೆ ಕ್ಷೇಮ, ಹಸಿರಾದರೆ ಅಪಾಯ. ಕುಲುಕಲು ಮುಚ್ಚಳವನ್ನೂ ಕೊಟ್ಟಿದ್ದರು. ಆದರೆ ಅದನ್ನು ಹುಡುಕುವುದಕ್ಕಿಂತ ಹೆಬ್ಬೆರಳು ಹತ್ತಿರವಿತ್ತು.

ನನಗೆ ಪುರುಸೊತ್ತು ಸಿಗುವುದು ಭಾನುವಾರ, ಊಟವಾದ ಮೇಲೆ. ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ, ಕುಲುಕಿ ಬೆಳಕಿಗೆ ಹಿಡಿದೆ. ಹಳದಿಯೂ ಅಲ್ಲ, ಹಸಿರೂ ಅಲ್ಲ, ಇಟ್ಟಿಗೆಗೆಂಪು! ಅಂಥ ಬಣ್ಣ ಕಾರ್ಡಿನಲ್ಲೇ ಇಲ್ಲ. ಗಾಬರಿಬಿದ್ದು ಅರ್ಧ ನೀರು ಚೆಲ್ಲಿ ಹೊಸ ಉಪ್ಪುನೀರು ಹಾಕಿದೆ. ಮುಂದಿನ ಭಾನುವಾರ ಮತ್ತೆ ಕೆಂಪು. ಕಿಟ್ಟೇ ಸರಿಯಿಲ್ಲವೆಂದು ಬೇರೆ ಕಂಪನಿಯದು ತರಿಸಿದೆ, ಅದರಲ್ಲೂ ಕೆಂಪು. ಕಣ್ಣಿನ ಗೊಡವೆಯೇ ಬೇಡವೆಂದು ಬಣ್ಣವನ್ನು ತಾನೇ ಓದಿ ಅಂಕಿ ಹೇಳುವ ಪುಟ್ಟ ಯಂತ್ರ ತಂದರೆ, ಅದು ಅಂಕಿಯನ್ನೇ ಹೇಳದೆ ಮಿಣಮಿಣ ಮಿನುಗಿ ಸುಮ್ಮನಾಯಿತು. ಫೋಟೋ ಕಳಿಸಿದ್ದಕ್ಕೆ ಮಂಜಣ್ಣ, "ನಮ್ ಅಂಗ್ಡೀಲೂ ಈ ಶೇಡ್ ಇಲ್ಲ ಸಾ!" ಎಂದ. ಪಟೇಲಪ್ಪ, ಪಟೇಲಮ್ಮ ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದರು. ಆದರೆ ಕಿಟ್ಟು ಇಷ್ಟು ಹೇಳುತ್ತಿರುವಾಗ ಮೀನಿನ ಮಾತು ಯಾರು ಕೇಳುತ್ತಾರೆ? ನನ್ನ ಕೈಯಲ್ಲಿ ಅವು ಸಾಯುವುದು ಬೇಡ, ಮಂಜಣ್ಣನ ಮನೆಯಲ್ಲಾದರೂ ಬದುಕಿಕೊಳ್ಳಲಿ ಎಂದು ಗಟ್ಟಿ ಮನಸ್ಸು ಮಾಡಿದೆ. ಆ ವಾರವೆಲ್ಲ ರತ್ನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೂ ಕಣ್ಣು ಮುಚ್ಚಿದರೆ ಸಮುದ್ರ ಬರುತ್ತಿರಲಿಲ್ಲ.

ಭಾನುವಾರ ಮಂಜಣ್ಣ ಬಂದ. ಅತ್ತೆಯೂ ಅರಕಲಗೂಡಿನಿಂದ ಬಂದಿದ್ದರು. ಅವರ ಕೈಯ ಮೀನು ಸಾರು, ಮುದ್ದೆ. ತೊಟ್ಟಿಗೆ ಬೆನ್ನು ಮಾಡಿ ಕೂತು, ದುಃಖವಿದ್ದರೂ ಎರಡನೇ ಮುದ್ದೆ ಹಾಕಿಸಿಕೊಂಡೆ. ಕಡೆಯದಾಗಿ ಒಂದು ಸಲ ಎಂದು ಪರೀಕ್ಷೆ ಮಾಡಿದೆ. ಮತ್ತೆ ಅದೇ ಕೆಂಪು. ಕೊಳವೆಯನ್ನು ಕಿಟಕಿಯಲ್ಲಿಟ್ಟು, "ತಗೊಂಡು ಹೋಗಪ್ಪ" ಎಂದೆ. ಮಂಜಣ್ಣ ಮೀನುಗಳನ್ನು ನೀರು ತುಂಬಿದ ಕವರಿಗೆ ಹಿಡಿದ. ರತ್ನ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ವಸಿ ನಿಲ್ಲಪ್ಪಾ" ಎಂದರು ಅತ್ತೆ. "ಯಾರ್ದೋ ಕಣ್ ಬಿದ್ದೈತೆ. ಅಂಗೇ ಕಳಿಸ್ಬಾರ್ದು, ಆರತಿ ಎತ್ತಿ ಕಳಿಸ್ಬೇಕು."

ತಟ್ಟೆಯಲ್ಲಿ ನೀರು ಹಾಕಿ, ಅರಿಶಿನ ಕದಡಿ, ತಮ್ಮ ಎಲೆಯಡಿಕೆ ಡಬ್ಬಿಯಿಂದ ಚೂರು ಸುಣ್ಣ ತೆಗೆದು ಕಲಸಿದರು. ಹಳದಿ ನೀರು ಹಾಗೇ ಕೆಂಪಾಯಿತು. ನಾನು ಮಂಪರಿನಲ್ಲಿದ್ದವನಂತೆ ನೋಡುತ್ತಾ ನಿಂತೆ. ಕವರಿನೊಳಗೆ ಪಟೇಲಮ್ಮ ತಿರುಗುತ್ತಿದ್ದಳು, ತಟ್ಟೆಯ ಕೆಂಪು ಅವಳ ಸುತ್ತ ತಿರುಗುತ್ತಿತ್ತು. ಈ ಕೆಂಪನ್ನು ಎಲ್ಲೋ ನೋಡಿದ್ದೇನಲ್ಲ! ಕಿಟಕಿಯ ಕೊಳವೆ ನೋಡಿದೆ. ತಟ್ಟೆ ನೋಡಿದೆ. ಕೊನೆಗೆ ಹೆಬ್ಬೆರಳು ಮೂಸಿದೆ. ಅಯ್ಯೋ ಶಿವನೇ, ಮೀನು ಸಾರು! ತೊಳೆದ ಕೈಯಾದರೂ ಉಗುರಿನ ಸಂದಿಯಲ್ಲಿ ಸಾರಿನ ಅರಿಶಿನ ಕೂತಿತ್ತು. ಕಿಟ್ಟಿನ ಸೀಸೆಯಲ್ಲಿದ್ದದ್ದು ಸುಣ್ಣದಂಥದೇ ಕ್ಷಾರ. ಕ್ಷಾರಕ್ಕೆ ಅರಿಶಿನ ಸೋಕಿದರೆ ಕೆಂಪಾಗುತ್ತದೆಂದು ಪ್ರತಿವರ್ಷ ಹತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆಯುವವನು ನಾನೇ.

ಸೋಪು ಹಾಕಿ ಕೈ ಉಜ್ಜಿ, ಮುಚ್ಚಳ ಹುಡುಕಿ, ಹೊಸ ಕೊಳವೆಯಲ್ಲಿ ಪರೀಕ್ಷೆ ಮಾಡಿದೆ. ಅಪ್ಪಟ ಹಳದಿ. ವಿಷಯ ಬಾಯಿಬಿಟ್ಟೆ. ಮಂಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ತಾವ್ ಇಷ್ಟ್ ದಿನ ಟೆಸ್ಟ್ ಮಾಡಿದ್ದು ನೀರ್ನಲ್ಲ ಸಾ, ಸಾರ್ನ!" ರತ್ನ ನಗಲಿಲ್ಲ. ಅವನ ಕೈಯಿಂದ ಕವರು ಕಿತ್ತುಕೊಂಡು ಪಟೇಲಪ್ಪ, ಪಟೇಲಮ್ಮನನ್ನು ತಾನೇ ತೊಟ್ಟಿಗೆ ಬಿಟ್ಟಳು. ಅತ್ತೆ ಮಾತ್ರ, "ನೋಡುದ್ಯಾ, ಆರತಿ ಎತ್ತುದ್ ಮ್ಯಾಲೆ ಎಂಗ್ ಸರಿಹೋಯ್ತು!" ಎಂದು ಎಲೆಗೆ ಸುಣ್ಣ ಸವರಿದರು.

ಸಮುದ್ರ ಮನೆಗೆ ವಾಪಸ್ಸು ಬಂದಿದೆ. ಊಟವಾದ ಮೇಲೆ ಎಂದಿನಂತೆ ತೇಲುತ್ತೇನೆ. ಒಂದೇ ತೊಂದರೆ. ಪ್ರತಿ ಭಾನುವಾರ ಕಿಟ್ಟು ತೆಗೆಯುತ್ತಿದ್ದಂತೆ ರತ್ನ ಬಂದು, "ಎಲ್ಲಿ, ಕೈ ತೋರ್ಸಿ" ಎನ್ನುತ್ತಾಳೆ. ಹೆಬ್ಬೆರಳನ್ನು ಮೂಗಿನ ಹತ್ತಿರ ಹಿಡಿದು, ಉಗುರನ್ನು ಬೆಳಕಿಗೆ ತಿರುಗಿಸಿ ನೋಡಿ, "ಹೋಗಿ, ಇನ್ನೊಂದ್ಸಲ ತೊಳ್ಕೊಂಡ್ ಬನ್ನಿ" ಎಂದು ವಾಪಸ್ಸು ಕಳಿಸುತ್ತಾಳೆ. ನೀರು ಪ್ರತಿ ಸಲವೂ ಪಾಸಾಗುತ್ತಿದೆ. ಮೇಷ್ಟ್ರು ಇನ್ನೂ ಒಂದು ಸಲವೂ ಮೊದಲನೇ ಸುತ್ತಿನಲ್ಲಿ ಪಾಸಾಗಿಲ್ಲ.